ನಡೆದು ಸಾಗಿದ ವ್ರತಿ: ಪೂಜ್ಯ ಶ್ರೀ ಗಣೇಶಪ್ರಸಾದ ವರ್ಣಿಯವರು

ವೇತನ ದೊರೆಯುವ ಉದ್ಯೋಗವನ್ನು ಬಿಟ್ಟು, ಮನೆಯನ್ನು ತೊರೆದು, ದೇಶಸಂಚಾರಕ್ಕೆ ಹೊರಡುವವರು ಎಲ್ಲ ಕಾಲಗಳಲ್ಲಿಯೂ ಇದ್ದಾರೆ. ಹಾಗೆ ಹೊರಟವರೆಲ್ಲರೂ ತ್ಯಾಗಿಗಳೆನಿಸಲಾರರು. ನಿಯಮವಿಲ್ಲದ ಸಂಚಾರವು ಅಲೆದಾಟವೆನಿಸುತ್ತದೆ. ನಿಯಮದಿಂದ ಕೂಡಿದ ಸಂಚಾರವು ವಿಹಾರವಾಗುತ್ತದೆ. ಈ ಎರಡನ್ನೂ ಒಂದೇ ಜನ್ಮದಲ್ಲಿ ಅನುಭವಿಸಿ, ಮೊದಲನೆಯದರ ಕಹಿಯನ್ನೂ ಎರಡನೆಯದರ ಫಲವನ್ನೂ ಕಂಡುಂಡ ಮಹನೀಯರು ಪೂಜ್ಯ ಶ್ರೀ ಗಣೇಶಪ್ರಸಾದ ವರ್ಣಿಯವರು. ಉತ್ತರ ಭಾರತದ ದಿಗಂಬರ ಜೈನ ಸಮಾಜದಲ್ಲಿ ವಿದ್ಯಾಪ್ರಸಾರ ಮಾಡಿದ ಮಹಾಪುರುಷರೆಂದು ಅವರ ಹೆಸರು ಇಂದಿಗೂ ಮನೆಮನೆಗಳಲ್ಲಿ ಸ್ಮರಣೆಯಲ್ಲಿದೆ.

ವರ್ಣಿಯವರು ಹುಟ್ಟಿನಿಂದ ಜೈನರಲ್ಲ. ಬುಂದೇಲಖಂಡದ ಹಂಸೇರಾ ಎಂಬ ಗ್ರಾಮದ ವೈಷ್ಣವ ಕುಟುಂಬವೊಂದರಲ್ಲಿ 1874ರಲ್ಲಿ ಅವರ ಜನನವಾಯಿತು. ತಂದೆ ಹೀರಾಲಾಲರು, ತಾಯಿ ಉಜಿಯಾರಿ. ಬಾಲಕನಿಗೆ ಆರು ವರ್ಷವಾದಾಗ ಕುಟುಂಬವು ಮಡಾವರಾ ಎಂಬ ಊರಿಗೆ ಬಂದು ನೆಲೆಸಿತು. ಆ ಊರಿನಲ್ಲಿ ಅನೇಕ ಜಿನಮಂದಿರಗಳಿದ್ದವು. ಅವರ ಮನೆಯ ಎದುರಿಗೇ ಒಂದು ಮಂದಿರವಿತ್ತು. ಸಂಜೆಯ ಹೊತ್ತು ಅಲ್ಲಿ ನಡೆಯುತ್ತಿದ್ದ ಶಾಸ್ತ್ರಪ್ರವಚನವನ್ನು ಬಾಲಕನು ಹೋಗಿ ಕೇಳುತ್ತಿದ್ದನು. ಒಂದು ದಿನ ಪ್ರವಚನದ ಕೊನೆಯಲ್ಲಿ ಶ್ರಾವಕರು ತಮ್ಮ ಶಕ್ತ್ಯನುಸಾರ ನಿಯಮಗಳನ್ನು ಸ್ವೀಕರಿಸುತ್ತಿದ್ದಾಗ, ಹತ್ತು ವರ್ಷದ ಈ ಬಾಲಕನೂ ರಾತ್ರಿಭೋಜನ ತ್ಯಾಗದ ನಿಯಮವನ್ನು ಕೈಗೊಂಡನು. ಮನೆಯವರಿಗೆ ಇದು ಹಿಡಿಸಲಿಲ್ಲ. ಕುಲದ ಆಚಾರವನ್ನು ಬಿಟ್ಟು ಮಗನು ಅನ್ಯ ಮಾರ್ಗ ಹಿಡಿದನೆಂದು ತಾಯಿಗೆ ದುಃಖವಾಯಿತು. ಆದರೂ ಬಾಲಕನು ನಿಯಮವನ್ನು ಬಿಡಲಿಲ್ಲ. ಅವರ ಬಾಳಿನ ಮೊದಲನೆಯ ವ್ರತ ಇದು. ಮುಂದಿನದೆಲ್ಲವೂ ಈ ಬೀಜದಿಂದಲೇ ಬೆಳೆಯಿತು.

ಹದಿನೆಂಟನೆಯ ವಯಸ್ಸಿನಲ್ಲಿ ವಿವಾಹವಾಯಿತು. ಅನಂತರ ಬಹುಕಾಲ ಕಳೆಯುವ ಮೊದಲೇ ತಂದೆಯು ತೀರಿಕೊಂಡರು. ವೈಷ್ಣವರಾಗಿದ್ದರೂ ಹೀರಾಲಾಲರಿಗೆ ಪಂಚನಮಸ್ಕಾರ ಮಂತ್ರದಲ್ಲಿ ಅಪಾರ ಶ್ರದ್ಧೆಯಿತ್ತು. ಸಂಕಟದಲ್ಲಿ ಅದನ್ನೇ ಸ್ಮರಿಸಬೇಕೆಂದು ಅವರು ಮಗನಿಗೆ ತಿಳಿಸಿಹೋದರು. ಸಂಸಾರದ ಭಾರವು ಮಗನ ಮೇಲೆ ಬಿದ್ದಿತು. ಓದಿದ್ದು ಮಿಡಲ್ ಸ್ಕೂಲಿನವರೆಗೆ. ಅದರ ಬಲದಿಂದ ಶಾಲಾ ಉಪಾಧ್ಯಾಯರ ಕೆಲಸ ದೊರೆಯಿತು. ಮೊದಲು ಮದನಪುರದಲ್ಲಿ, ಕಡೆಗೆ ಜತಾರಾದಲ್ಲಿ ಅವರು ಮಕ್ಕಳಿಗೆ ಪಾಠ ಹೇಳಿದರು. ನಡುವೆ ಉಪಾಧ್ಯಾಯರ ತರಬೇತಿಗೆಂದು ಆಗ್ರಾಕ್ಕೆ ಹೋಗಿ, ಅಲ್ಲಿ ನಿಲ್ಲಲಾರದೆ ಹಿಂದಿರುಗಿದ್ದೂ ಉಂಟು. ಮನಸ್ಸು ಉದ್ಯೋಗದಲ್ಲಿ ನೆಲೆಗೊಳ್ಳಲಿಲ್ಲ. ಜೈನ ಶಾಸ್ತ್ರಗಳನ್ನು ಮೂಲದಲ್ಲಿಯೇ ಓದಬೇಕು, ತತ್ತ್ವವನ್ನು ತಾನೇ ಅರಿಯಬೇಕು ಎಂಬ ಹಂಬಲವು ದಿನದಿನಕ್ಕೆ ಪ್ರಬಲವಾಯಿತು.

ಈ ಕಾಲದಲ್ಲಿ ಅವರಿಂದ ಒಂದು ತಪ್ಪು ನಡೆಯಿತು. ತಾಯಿ ಮತ್ತು ಪತ್ನಿ ಜೈನಧರ್ಮವನ್ನು ಸ್ವೀಕರಿಸದ ಹೊರತು ಅವರ ಕೈಯ ಅಡಿಗೆಯನ್ನು ತಾನು ಉಣ್ಣಲಾರೆನೆಂದು ಹಟ ಹಿಡಿದರು. ಗಂಡನನ್ನು ಕಳೆದುಕೊಂಡ ತಾಯಿಗೆ ಇದು ಹೃದಯವನ್ನು ಇರಿದಂತಾಯಿತು. ಜತಾರಾದಲ್ಲಿ ಅವರಿಗೆ ಮಾರ್ಗದರ್ಶಕರಾಗಿದ್ದ ಕಡೋರೇಲಾಲ ಭಾಯಜಿ ಎಂಬ ಧರ್ಮಾತ್ಮರು ಈ ನಡತೆಯನ್ನು ಖಂಡಿಸಿದರು. ಧರ್ಮವು ಬಲಾತ್ಕಾರದಿಂದ ಬರುವ ವಸ್ತುವಲ್ಲ, ತಾಯಿಯನ್ನು ನೋಯಿಸಿ ಗಳಿಸುವ ಪುಣ್ಯವೂ ಇಲ್ಲ ಎಂಬುದೇ ಅವರ ಉಪದೇಶದ ಸಾರವಾಗಿತ್ತು. ತರುಣರಿಗೆ ಆ ಮಾತು ಆಗ ಪೂರ್ಣವಾಗಿ ರುಚಿಸಲಿಲ್ಲ. ಮುಂದೆ ತಮ್ಮ ಆತ್ಮಕಥೆಯಲ್ಲಿ ಅವರು ಈ ಪ್ರಸಂಗವನ್ನು ಮರೆಮಾಚದೆ ಹೇಳಿಕೊಂಡಿದ್ದಾರೆ.

ಇದೇ ಭಾಯಜಿಯವರೊಡನೆ ಅವರು ಸಿಮರಾ ಎಂಬ ಹಳ್ಳಿಗೆ ಹೋದಾಗ ಚಿರೋಂಜಾಬಾಯಿ ಎಂಬ ವಿಧವೆಯ ಪರಿಚಯವಾಯಿತು. ಸಂತಾನವಿಲ್ಲದ, ಶಾಸ್ತ್ರಸ್ವಾಧ್ಯಾಯದಲ್ಲಿ ಕಾಲ ಕಳೆಯುತ್ತಿದ್ದ ಆ ಶ್ರಾವಿಕೆಗೆ ಸಂಕೋಚದಿಂದ ತಲೆತಗ್ಗಿಸಿ ಕುಳಿತ ಈ ತರುಣರನ್ನು ಕಂಡೊಡನೆ ಮಾತೃವಾತ್ಸಲ್ಯ ಉಕ್ಕಿಬಂದಿತು. ಅಂದಿನಿಂದ ಆಕೆ ಅವರ ಧರ್ಮಮಾತೆಯಾದಳು. ವಿವೇಕಶಾಲಿನಿಯಾದ ಬಾಯಿಜಿಯು ಆತುರಪಡಬಾರದೆಂದೂ ಮನೆಯವರನ್ನು ಮರೆಯಬಾರದೆಂದೂ ಬುದ್ಧಿ ಹೇಳಿದಳು. ಆದರೆ ಜ್ಞಾನದ ದಾಹವು ತಡೆಯಲಾಗದಂತಿತ್ತು. ಉಪಾಧ್ಯಾಯ ವೃತ್ತಿಯನ್ನು ತೊರೆದು, ಬಾಯಿಜಿಯ ಆಶೀರ್ವಾದ ಪಡೆದು, ಅವರು ವಿದ್ಯಾಭ್ಯಾಸಕ್ಕೆಂದು ಜಯಪುರದ ದಾರಿ ಹಿಡಿದರು.

ಹೊರಟ ಮೊದಲ ಯಾತ್ರೆಯೇ ಭಂಗವಾಯಿತು. ಗ್ವಾಲಿಯರಿನ ಲಷ್ಕರದಲ್ಲಿ ತಂಗಿದ್ದಾಗ ಅವರ ಸಾಮಾನುಗಳೆಲ್ಲ ಕಳುವಾದವು. ಉಳಿದ ಕೊಡೆಯನ್ನು ಕೆಲವು ಆಣೆಗಳಿಗೆ ಮಾರಿ, ಕಡಲೆಯನ್ನು ತಿಂದು ಹಸಿವನ್ನು ತಣಿಸಿಕೊಳ್ಳುತ್ತ ಕಾಲ್ನಡಿಗೆಯಲ್ಲಿ ಹಿಂದಿರುಗಿದರು. ಬರಿಗೈಯಲ್ಲಿ ಬಾಯಿಜಿಗೆ ಮುಖ ತೋರಿಸಲು ನಾಚಿಕೆಯಾಯಿತು. ಖುರಈ ಎಂಬ ಊರಿನಲ್ಲಿ ವಿದ್ವಾಂಸರೊಬ್ಬರನ್ನು ಕಂಡು ತತ್ತ್ವವನ್ನು ಕೇಳಿದಾಗ, ಒಳ್ಳೆಯ ಊಟದ ಆಸೆಗಾಗಿ ಜೈನನಾದವನೆಂಬ ನಿಂದೆಯನ್ನು ಕೇಳಬೇಕಾಯಿತು. ಈ ಅವಮಾನವು ಅವರ ಹೃದಯದಲ್ಲಿ ಆಳವಾಗಿ ನಾಟಿತು. ಶಾಸ್ತ್ರವನ್ನು ಸಂಪೂರ್ಣವಾಗಿ ಅರಿತ ಮೇಲೆಯೇ ಇಂಥವರ ಮುಂದೆ ನಿಲ್ಲುವೆನೆಂದು ಅವರು ಒಳಗೊಳಗೇ ನಿಶ್ಚಯಿಸಿದರು.

ಅನಂತರದ ತಿಂಗಳುಗಳು ಅಲೆದಾಟದಲ್ಲಿಯೇ ಕಳೆದವು. ರೇಶಂದೀಗಿರಿ, ದ್ರೋಣಗಿರಿ, ಕುಂಡಲಪುರ, ರಾಮಟೇಕ, ಮುಕ್ತಾಗಿರಿ ಈ ಕ್ಷೇತ್ರಗಳನ್ನೆಲ್ಲ ಅವರು ನಡೆದೇ ಸಂದರ್ಶಿಸಿದರು. ದರ್ಶನದ ಆನಂದವೇನೋ ಇತ್ತು. ಆದರೆ ಮನಸ್ಸಿಗೆ ಕಡಿವಾಣವಿರಲಿಲ್ಲ. ಬೈತೂಲಿನ ಬಳಿ ಇಸ್ಪೀಟು ಆಡುತ್ತಿದ್ದವರ ಗುಂಪನ್ನು ಕಂಡು, ಕೈಯಲ್ಲಿದ್ದ ಅಲ್ಪ ಹಣವನ್ನು ಹೆಚ್ಚಿಸಿಕೊಳ್ಳುವ ಆಸೆಯಿಂದ ಪಣವೊಡ್ಡಿದರು, ಎಲ್ಲವನ್ನೂ ಸೋತರು. ಸಪ್ತವ್ಯಸನಗಳಲ್ಲಿ ದ್ಯೂತವೇ ಮೊದಲನೆಯದೆಂದು ಬಲ್ಲವರೇ ಅದಕ್ಕೆ ಬಲಿಯಾದರು. ಹಸಿವಿನ ಬಾಧೆಯಿಂದ ರಸ್ತೆ ಕೆಲಸದಲ್ಲಿ ಕೂಲಿಗೆ ಸೇರಿ ಮಣ್ಣು ಹೊರಲು ಪ್ರಯತ್ನಿಸಿದರು. ಪುಸ್ತಕ ಹಿಡಿದ ಕೈಗಳಲ್ಲಿ ಬೊಬ್ಬೆಗಳೆದ್ದವು. ಆ ಕೆಲಸವೂ ಸಾಗಲಿಲ್ಲ. ಮೈಗೆ ಕಜ್ಜಿ ಹತ್ತಿತು. ಬಿಟ್ಟು ಬಿಟ್ಟು ಬರುವ ಚಳಿಜ್ವರ ಕಾಡಿತು. ಮನೆಯಲ್ಲಿ ತಾಯಿ, ಪತ್ನಿ ಹಾದಿ ನೋಡುತ್ತಿದ್ದರು. ಸಿಮರಾದಲ್ಲಿ ಧರ್ಮಮಾತೆ ಚಿಂತಿಸುತ್ತಿದ್ದಳು. ಬಿಟ್ಟ ಉದ್ಯೋಗವೂ ಇಲ್ಲ, ಬಯಸಿದ ವಿದ್ಯೆಯೂ ಇಲ್ಲ ಎಂಬ ದುರವಸ್ಥೆ ಅವರದಾಗಿತ್ತು. ಇಂಥ ಸ್ಥಿತಿಯಲ್ಲಿಯೂ ಅವರನ್ನು ಕೈಬಿಡದೆ ಕಾಪಾಡಿದ್ದು ಪಂಚಪರಮೇಷ್ಠಿಗಳಲ್ಲಿಟ್ಟ ಶ್ರದ್ಧೆಯೊಂದೇ.

ಗಜಪಂಥ ಕ್ಷೇತ್ರದಲ್ಲಿ ಭೇಟಿಯಾದ ಶ್ರಾವಕರೊಬ್ಬರು ಕನಿಕರಿಸಿ ಅವರನ್ನು ಮುಂಬಯಿಗೆ ಕರೆದೊಯ್ದರು. ಅಲ್ಲಿ ಬಾಬಾ ಗುರುದಯಾಲರೆಂಬ ಸಜ್ಜನರು ಉಡಲು ಬಟ್ಟೆ ಕೊಟ್ಟು, ಮಾರುವುದಕ್ಕಾಗಿ ಬರೆಯುವ ಪುಸ್ತಕಗಳನ್ನು ಒದಗಿಸಿದರು. ಅವನ್ನು ಮಾರಿದ ಹಣದಿಂದ ಜೀವನ ನಡೆಸುತ್ತ ಅವರು ಕಾತಂತ್ರ ವ್ಯಾಕರಣವನ್ನೂ ರತ್ನಕರಂಡ ಶ್ರಾವಕಾಚಾರವನ್ನೂ ಅಭ್ಯಾಸ ಮಾಡಿ ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಪಂಡಿತ ಗೋಪಾಲದಾಸ ಬರೈಯಾ ಅವರಂಥ ವಿದ್ವಾಂಸರ ಕೃಪಾದೃಷ್ಟಿಯೂ ದೊರೆಯಿತು. ಅಲ್ಲಿಂದ ಜಯಪುರ, ಮಥುರಾ, ಖುರ್ಜಾ ಹೀಗೆ ವಿದ್ಯೆಯಿದ್ದಲ್ಲಿಗೆ ಅವರು ಸಾಗಿದರು. ಜಯಪುರದಲ್ಲಿದ್ದಾಗ ಪತ್ನಿಯ ಮರಣವಾರ್ತೆ ಬಂದಿತು. ಸಂಸಾರದ ಕೊನೆಯ ಎಳೆಯೂ ಕಡಿಯಿತು. ಅನಂತರ ಅವರು ಗೃಹಸ್ಥಾಶ್ರಮದ ಕಡೆಗೆ ತಿರುಗಲಿಲ್ಲ, ಬ್ರಹ್ಮಚರ್ಯದಲ್ಲಿಯೇ ನಿಂತರು.

ನ್ಯಾಯಶಾಸ್ತ್ರವನ್ನು ಓದಬೇಕೆಂದು ಕಾಶಿಗೆ ಬಂದಾಗ ಅವರ ಬಾಳಿಗೆ ತಿರುವು ಕೊಟ್ಟ ಘಟನೆ ನಡೆಯಿತು. ಪ್ರಖ್ಯಾತ ನೈಯಾಯಿಕರೊಬ್ಬರನ್ನು ವಿನಯದಿಂದ ಸಮೀಪಿಸಿ ಪಾಠ ಹೇಳಬೇಕೆಂದು ಬೇಡಿದರು. ಬಂದವನು ಜೈನನೆಂದು ತಿಳಿದೊಡನೆ ಆ ಪಂಡಿತರು ಕೋಪಗೊಂಡು ಹೊರಗಟ್ಟಿದರು. ಸುಪಾರ್ಶ್ವನಾಥ ತೀರ್ಥಂಕರರೂ ಪಾರ್ಶ್ವನಾಥ ತೀರ್ಥಂಕರರೂ ಜನ್ಮವೆತ್ತಿದ ಪವಿತ್ರ ನಗರದಲ್ಲಿ ಜೈನ ವಿದ್ಯಾರ್ಥಿಗೆ ಕುಳಿತು ಓದಲು ಒಂದು ಸ್ಥಳವಿಲ್ಲವೆಂಬ ವ್ಯಥೆಯಿಂದ ಅವರು ಕಣ್ಣೀರು ಸುರಿಸಿದರು. ಖುರಈಯ ನಿಂದೆಯು ಅವರನ್ನು ಗೊತ್ತುಗುರಿಯಿಲ್ಲದ ಹಾದಿಗೆ ನೂಕಿತ್ತು; ಕಾಶಿಯ ನಿಂದೆಯು ಅವರಿಂದ ಒಂದು ಮಹಾಕಾರ್ಯವನ್ನು ಮಾಡಿಸಿತು. ಕಾಶಿಯಲ್ಲಿಯೇ ಜೈನ ವಿದ್ಯಾಲಯವೊಂದನ್ನು ಸ್ಥಾಪಿಸಬೇಕೆಂದು ಅವರು ಸಂಕಲ್ಪಿಸಿದರು.

ಸಂಕಲ್ಪವು ದೊಡ್ಡದು, ಕೈಯಲ್ಲಿ ಏನೂ ಇಲ್ಲ. ಮಿತ್ರರೊಬ್ಬರು ಒಂದು ರೂಪಾಯಿ ದಾನವಿತ್ತರು. ಆ ರೂಪಾಯಿಗೆ 64 ಪೋಸ್ಟ್‌ಕಾರ್ಡುಗಳನ್ನು ಕೊಂಡು, ದೇಶದ 64 ಶ್ರೀಮಂತ ಶ್ರಾವಕರಿಗೆ ವಿದ್ಯಾಲಯದ ಅಗತ್ಯವನ್ನು ತಿಳಿಸಿ ಬರೆದರು. ಒಂದು ರೂಪಾಯಿಯ ಬೀಜವು ವೃಕ್ಷವಾಯಿತು. 1905ರ ಶ್ರುತಪಂಚಮಿಯಂದು ಗಂಗಾತೀರದ ಭದೈನಿಯಲ್ಲಿ ಸ್ಯಾದ್ವಾದ ಮಹಾವಿದ್ಯಾಲಯದ ಉದ್ಘಾಟನೆಯು ಮುಂಬಯಿಯ ದಾನವೀರ ಸೇಠ್ ಮಾಣಿಕಚಂದರಿಂದ ನೆರವೇರಿತು. ಉದಾರ ಹೃದಯದ ಬ್ರಾಹ್ಮಣ ವಿದ್ವಾಂಸರಾದ ಅಂಬಾದಾಸ ಶಾಸ್ತ್ರಿಗಳು ನ್ಯಾಯವನ್ನು ಬೋಧಿಸಲು ಒಪ್ಪಿದರು. ಸಂಸ್ಥಾಪಕರಾದ ವರ್ಣಿಯವರೇ ಅಲ್ಲಿ ವಿದ್ಯಾರ್ಥಿಯಾಗಿ ಕುಳಿತರು. ಪಂಡಿತ ಕೈಲಾಶಚಂದ್ರ ಶಾಸ್ತ್ರಿಗಳಂಥ ವಿದ್ವಾಂಸರು ಮುಂದೆ ಈ ವಿದ್ಯಾಲಯದಿಂದಲೇ ಹೊರಬಂದರು. ಕೆಲವು ವರ್ಷಗಳಲ್ಲಿ ಮಧ್ಯಪ್ರದೇಶದ ಸಾಗರ ನಗರದಲ್ಲಿಯೂ ಅವರ ಪ್ರೇರಣೆಯಿಂದ ಸಂಸ್ಕೃತ ಪಾಠಶಾಲೆ ಆರಂಭವಾಯಿತು. ಒಂದು ಶಾಲೆಯ ಉಪಾಧ್ಯಾಯ ವೃತ್ತಿಯನ್ನು ಬಿಟ್ಟವರು ಬುಂದೇಲಖಂಡದ ಊರೂರುಗಳಲ್ಲಿ ಪಾಠಶಾಲೆಗಳು ತಲೆಯೆತ್ತಲು ಕಾರಣರಾದರು.

ಚಿರೋಂಜಾಬಾಯಿಯು ಸಾಗರಕ್ಕೆ ಬಂದು ನೆಲೆಸಿ, ಕೊನೆಯವರೆಗೂ ಧರ್ಮಪುತ್ರನ ಯೋಗಕ್ಷೇಮವನ್ನು ನೋಡಿಕೊಂಡಳು. ಅಲೆದಾಟದ ದಿನಗಳಲ್ಲಿ ಮುಖ ತೋರಿಸಲು ನಾಚಿದ ಮಗನು ಆಕೆಯ ಅಂತ್ಯಕಾಲದಲ್ಲಿ ಬಳಿಯಲ್ಲಿಯೇ ಇದ್ದು ಧರ್ಮಶ್ರವಣ ಮಾಡಿಸಿದರು. ಆಕೆಯ ಸಮಾಧಿಮರಣವು ಶಾಂತಿಯಿಂದ ನಡೆಯಿತು. ಅನಂತರ ಸಾಗರದಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. ಮತ್ತೆ ಯಾತ್ರೆಯ ಕಡೆಗೆ ಹೊರಳಿತು. ಆದರೆ ಈ ಸಲದ ಯಾತ್ರೆಯ ರೀತಿಯೇ ಬೇರೆಯಾಗಿತ್ತು.

ಒಮ್ಮೆ ಅವರು ಮೋಟಾರು ಬಸ್ಸಿನ ಮುಂದಿನ ಆಸನದಲ್ಲಿ ಕುಳಿತಿದ್ದರು. ಅಧಿಕಾರಿಯೊಬ್ಬರು ಬಂದುದರಿಂದ ಚಾಲಕನು ಆ ಸ್ಥಳವನ್ನು ಬಿಟ್ಟು ಹಿಂದೆ ಹೋಗಿ ಕೂರಬೇಕೆಂದು ಅವರಿಗೆ ಹೇಳಿದನು. ಸಾಮಾನ್ಯರಿಗೆ ಇದು ಜಗಳಕ್ಕೆ ಕಾರಣವಾಗಬಹುದಾದ ಮಾತು. ವರ್ಣಿಯವರು ಚಾಲಕನನ್ನು ದೂರಲಿಲ್ಲ. ದೋಷವನ್ನು ಪರಾಧೀನತೆಯಲ್ಲಿ ಕಂಡರು. ವಾಹನವನ್ನು ಆಶ್ರಯಿಸಿದವನು ಅದರ ಮಾನಾಪಮಾನಗಳನ್ನೂ ಸಹಿಸಬೇಕಾಗುತ್ತದೆಂದು ವಿಚಾರಿಸಿ, ಇನ್ನು ಮುಂದೆ ಯಾವ ವಾಹನವನ್ನೂ ಏರುವುದಿಲ್ಲವೆಂದು ಯಾವಜ್ಜೀವ ನಿಯಮ ಮಾಡಿಕೊಂಡರು. ಅರವತ್ತು ದಾಟಿದ ದೇಹಕ್ಕೆ ಈ ನಿಯಮವು ಸುಲಭವಾದುದಾಗಿರಲಿಲ್ಲ. ಆದರೂ ಅದೇ ಕಾಲಿನಲ್ಲಿ ಸಾಗರದಿಂದ ಸಮ್ಮೇದಶಿಖರಜಿಗೆ ಹೊರಟು, ಕಾಶಿಯ ಮಾರ್ಗವಾಗಿ ಸುಮಾರು 700 ಮೈಲಿಗಳನ್ನು ನಡೆದೇ ಕ್ರಮಿಸಿದರು. ಗಿರಿರಾಜನ ತಪ್ಪಲಿಗೆ ಸಮೀಪದ ಈಸರಿಯಲ್ಲಿ ಕೆಲವು ವರ್ಷಗಳ ಕಾಲ ನೆಲೆಸಿ ಸ್ವಾಧ್ಯಾಯನಿರತರಾದರು.

ತರುಣರಾಗಿ ನಡೆದ ದಾರಿಗೂ ವೃದ್ಧರಾಗಿ ನಡೆದ ದಾರಿಗೂ ಇರುವ ಅಂತರವನ್ನು ಇಲ್ಲಿ ಗಮನಿಸಬೇಕು. ಅಂದು ಹಣವಿಲ್ಲದುದರಿಂದ ನಡೆದರು, ಇಂದು ವ್ರತವಿದ್ದುದರಿಂದ ನಡೆದರು. ಅಂದಿನ ಹಸಿವು ದೈನ್ಯಕ್ಕೆ ಎಡೆಯಾಯಿತು, ಇಂದಿನ ಏಕಭುಕ್ತವೂ ಉಪವಾಸವೂ ನಿರ್ಜರೆಗೆ ಸಾಧನವಾಯಿತು. ಅಂದು ಊರೂರಲೆದರೂ ಯಾರಿಗೂ ಉಪಕಾರವಾಗಲಿಲ್ಲ. ಈಗಲಾದರೋ ಅವರು ತಂಗಿದ ಊರುಗಳಲ್ಲಿ ವೈಮನಸ್ಯಗಳು ಅಳಿದು ಪಾಠಶಾಲೆಗಳು ತೆರೆದವು.

ಕೆಲವು ವರ್ಷಗಳ ಅನಂತರ ಈಸರಿಯಿಂದ ಮತ್ತೆ ನಡೆಯುತ್ತಲೇ ಬುಂದೇಲಖಂಡಕ್ಕೆ ಹಿಂದಿರುಗಿದರು. 1945ರಲ್ಲಿ ಜಬಲಪುರದಲ್ಲಿ ಆಜಾದ್ ಹಿಂದ್ ಫೌಜಿನ ಸೈನಿಕರ ರಕ್ಷಣೆಗಾಗಿ ನಿಧಿ ಕೂಡಿಸುವ ಸಭೆ ನಡೆಯಿತು. ವರ್ಣಿಯವರ ಬಳಿ ಕೊಡಲು ಹೊದೆದ ಚಾದರದ ಹೊರತು ಮತ್ತೇನೂ ಇರಲಿಲ್ಲ; ಅದನ್ನೇ ಅರ್ಪಿಸಿದರು. ಸಭೆಯಲ್ಲಿಯೇ ಅದನ್ನು ಹರಾಜು ಮಾಡಲಾಗಿ 3,000 ರೂಪಾಯಿ ಬಂದಿತು. ಅಪರಿಗ್ರಹಿಯ ಒಂದು ವಸ್ತ್ರಕ್ಕೆ ಜನರು ಕೊಟ್ಟ ಬೆಲೆ ಅದು. ಮುಂದೆ ಬರುವಾಸಾಗರದಲ್ಲಿ ಅವರು ಕ್ಷುಲ್ಲಕ ದೀಕ್ಷೆಯನ್ನು ಸ್ವೀಕರಿಸಿದರು. ಎಪ್ಪತ್ತು ಮೀರಿದ ಮೇಲೂ ದೆಹಲಿ, ಇಟಾವಾ, ಲಲಿತಪುರ, ಗಯಾ ಮುಂತಾದ ಸ್ಥಳಗಳವರೆಗೆ ಅವರ ಪಾದವಿಹಾರ ಸಾಗಿತು. 1949ರಲ್ಲಿ ಪ್ರಕಟವಾದ ಅವರ ಹಿಂದೀ ಆತ್ಮಕಥೆ ಮೇರೀ ಜೀವನ್ ಗಾಥಾದಲ್ಲಿ ಜೂಜಾಡಿದ ಸಂಗತಿಯೂ, ತಾಯಿಯನ್ನು ನೋಯಿಸಿದ ಸಂಗತಿಯೂ ಯಥಾವತ್ತಾಗಿ ಬಂದಿವೆ. ತನ್ನ ದೋಷಗಳ ಆಲೋಚನೆಯನ್ನು ಲೋಕದ ಮುಂದೆ ಹೀಗೆ ಮಾಡಿಕೊಂಡವರು ವಿರಳ.

1953ರಲ್ಲಿ ಅವರು ಈಸರಿಯನ್ನು ಪುನಃ ಸೇರಿದರು. ಅಲ್ಲಿಂದ ಮುಂದೆ ಗಿರಿರಾಜನ ಸಾನ್ನಿಧ್ಯವನ್ನು ಬಿಡಲಿಲ್ಲ. ದೇಹವು ಕ್ಷೀಣಿಸಿ ಕಾಲುಗಳ ಶಕ್ತಿ ಉಡುಗಿತು. ಆದರೆ ಪರಿಣಾಮಗಳ ನಿರ್ಮಲತೆ ಉಡುಗಲಿಲ್ಲ. ರೋಗಪೀಡೆಯ ನಡುವೆಯೂ ಎಚ್ಚರದಿಂದಿದ್ದು, ಕ್ರಮವಾಗಿ ಆಹಾರವನ್ನು ತ್ಯಜಿಸಿ ಸಲ್ಲೇಖನೆಯನ್ನು ಕೈಗೊಂಡರು. ಕೊನೆಯಲ್ಲಿ ದಿಗಂಬರ ಮುನಿದೀಕ್ಷೆಯನ್ನು ಧರಿಸಿ ಗಣೇಶಕೀರ್ತಿ ಎಂಬ ನಾಮವನ್ನು ಪಡೆದರು. 1961ರ ಸೆಪ್ಟೆಂಬರ್ 5ರಂದು ಅವರ ಸಮಾಧಿಯಾಯಿತು.

ಉದ್ಯೋಗವನ್ನು ಬಿಡುವುದು ಒಂದು ದಿನದ ಕೆಲಸ. ಬಿಟ್ಟ ಮೇಲೆ ನಡೆಯುವ ದಾರಿಯೇ ಆಯುಷ್ಯದ ಕೆಲಸವೆಂಬುದನ್ನು ಈ ಚರಿತ್ರೆಯು ತೋರಿಸುತ್ತದೆ. ಮನೆಯಲ್ಲಿದ್ದು ವ್ರತಗಳನ್ನು ಪಾಲಿಸುವ ಶ್ರಾವಕ ಶ್ರಾವಿಕೆಯರಿಗೂ ಇದರಲ್ಲಿ ಭರವಸೆಯಿದೆ. ಮಡಾವರಾದ ಜಿನಮಂದಿರದಲ್ಲಿ ಹತ್ತು ವರ್ಷದ ಬಾಲಕನು ಸ್ವೀಕರಿಸಿದ್ದು ಸೂರ್ಯಾಸ್ತದ ಅನಂತರ ಉಣ್ಣಬಾರದೆಂಬ ಒಂದು ಸಣ್ಣ ನಿಯಮ. ಆ ನಿಯಮದ ಬೆಳಕು ಈಸರಿಯ ಸಮಾಧಿಯವರೆಗೂ ಅವರ ದಾರಿಯನ್ನು ತೋರಿಸಿತು.