ಯಂತ್ರಗಳ ಪರೀಕ್ಷಕಿ ಗ್ರೇಸ್ ಹಾಪರ್

ಗ್ರೇಸ್ ಹಾಪರ್ ಎಂಬ ಹೆಸರನ್ನು ಕೇಳಿದವರಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಒಂದು ಪತಂಗದ ಕಥೆ. ಗಣಕಯಂತ್ರದೊಳಗೆ ಸತ್ತುಬಿದ್ದಿದ್ದ ಹುಳುವೊಂದನ್ನು ಆಕೆ ಹೊರತೆಗೆದಳೆಂದೂ, ಪ್ರೋಗ್ರಾಂಗಳಲ್ಲಿ ಕಾಣುವ ದೋಷಕ್ಕೆ ಬಗ್ ಎಂಬ ಹೆಸರು ಅಂದಿನಿಂದ ಬಂದಿತೆಂದೂ ಹಲವೆಡೆ ಬರೆದಿರುತ್ತಾರೆ. ಈ ಕಥೆಯಲ್ಲಿ ನಿಜವಿರುವುದು ಅರ್ಧ ಮಾತ್ರ. ಅದರ ಗದ್ದಲದಲ್ಲಿ ಆಕೆಯ ಬಾಳಿನ ಒಂದು ದೊಡ್ಡ ಕೆಲಸ ಮರೆಯಾಗಿಬಿಟ್ಟಿದೆ. ಯಂತ್ರವನ್ನು ಮಾರುವವನು ಅದು ಮಾಡುತ್ತದೆಂದು ಹೇಳಿದ ಕೆಲಸವನ್ನು ಅದು ನಿಜವಾಗಿ ಮಾಡುತ್ತದೆಯೇ ಎಂದು ಪರೀಕ್ಷಿಸುವುದು, ಪರೀಕ್ಷಿಸಿ ಕಂಡದ್ದನ್ನು ಕೇಳುವವರಿಗೆ ತಿಳಿಯುವ ಮಾತಿನಲ್ಲಿ ಹೇಳುವುದು, ಇದೇ ಆ ಕೆಲಸ. ನಾನು ಕಲಾವಿಭಾಗದ ವಿದ್ಯಾರ್ಥಿ. ಯಂತ್ರದ ಒಳಗುಟ್ಟನ್ನು ಬಲ್ಲೆನೆಂದು ಹೇಳಲಾರೆ. ಆದರೆ ಈ ಎರಡನೆಯ ಭಾಗ, ಎಂದರೆ ಹೇಳುವ ಭಾಗ, ನಮ್ಮಂಥವರಿಗೂ ಸೇರಿದ್ದೆಂಬ ಧೈರ್ಯದಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಗ್ರೇಸ್ ಬ್ರೂಸ್ಟರ್ ಮರ್ರೆ 1906ನೆಯ ಇಸವಿ ಡಿಸೆಂಬರ್ 9ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದಳು. ಏಳು ವರ್ಷದ ಹುಡುಗಿಯಾಗಿದ್ದಾಗ ಮನೆಯಲ್ಲಿದ್ದ ಅಲಾರಂ ಗಡಿಯಾರವೊಂದು ಹೇಗೆ ನಡೆಯುತ್ತದೆಂದು ತಿಳಿಯಲು ಅದನ್ನು ಬಿಚ್ಚಿದಳಂತೆ. ಮತ್ತೆ ಜೋಡಿಸಲು ಬರಲಿಲ್ಲ. ಇನ್ನೊಂದನ್ನು ನೋಡಿ ಕಲಿಯೋಣವೆಂದು ಅದನ್ನೂ ಬಿಚ್ಚಿದಳು. ಹೀಗೆ ಮನೆಯ ಏಳು ಗಡಿಯಾರಗಳೂ ಬಿಚ್ಚಿಹೋದ ಮೇಲೆ ತಾಯಿಗೆ ಸುದ್ದಿ ತಿಳಿಯಿತು. ಆ ತಾಯಿ ಮಗಳನ್ನು ಹೊಡೆಯದೆ, ಇನ್ನು ಮುಂದೆ ಒಂದೇ ಗಡಿಯಾರಕ್ಕೆ ಕೈಹಾಕತಕ್ಕದ್ದೆಂದು ಕಟ್ಟು ಮಾಡಿದರೆಂಬುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ವ್ಯಾಸಾರ್ ಕಾಲೇಜಿನ ಪ್ರವೇಶಕ್ಕೆ ಕುಳಿತಾಗ ಲ್ಯಾಟಿನ್ ಭಾಷೆಯಲ್ಲಿ ನಪಾಸಾಗಿ ಒಂದು ವರ್ಷ ಕಾಯಬೇಕಾಯಿತು. 1928ರಲ್ಲಿ ಗಣಿತ ಮತ್ತು ಭೌತಶಾಸ್ತ್ರಗಳಲ್ಲಿ ಪದವಿ ಪಡೆದು, ಯೇಲ್ ವಿಶ್ವವಿದ್ಯಾನಿಲಯದಲ್ಲಿ 1930ರಲ್ಲಿ ಎಂ.ಎ., 1934ರಲ್ಲಿ ಗಣಿತದಲ್ಲಿ ಡಾಕ್ಟರೇಟ್ ಸಂಪಾದಿಸಿದರು. 1930ರಲ್ಲಿ ವಿನ್ಸೆಂಟ್ ಹಾಪರ್ ಎಂಬುವರೊಡನೆ ವಿವಾಹವಾಯಿತು. 1945ರಲ್ಲಿ ಅದು ಮುರಿಯಿತು. ಹೆಸರು ಮಾತ್ರ ಉಳಿಯಿತು.

1931ರಿಂದ ವ್ಯಾಸಾರ್ ಕಾಲೇಜಿನಲ್ಲಿಯೇ ಅಧ್ಯಾಪಕಿಯಾಗಿದ್ದ ಹಾಪರ್‌ರವರಿಗೆ ಒಂದು ವಿಚಿತ್ರ ಪದ್ಧತಿಯಿದ್ದಿತು. ಸಂಭಾವ್ಯತೆಯ ತರಗತಿಯ ಮೊದಲಲ್ಲಿ ಗಣಿತದ ಒಂದು ಸೂತ್ರವನ್ನು ವಿವರಿಸಿ, ಅದರ ಮೇಲೆ ಪ್ರಬಂಧ ಬರೆದು ತರುವಂತೆ ವಿದ್ಯಾರ್ಥಿನಿಯರಿಗೆ ಹೇಳುತ್ತಿದ್ದರು. ಬರವಣಿಗೆ ಚೆನ್ನಾಗಿಲ್ಲದಿದ್ದರೆ ಕೆಂಪು ಶಾಯಿಯ ಗುರುತು ಬೀಳುತ್ತಿತ್ತು. ಇದು ಗಣಿತದ ತರಗತಿಯೇ ಹೊರತು ಇಂಗ್ಲಿಷಿನದಲ್ಲವಲ್ಲ ಎಂದು ಹುಡುಗಿಯರು ಗೊಣಗಿಕೊಂಡರೆ, ತಿಳಿದದ್ದನ್ನು ಇನ್ನೊಬ್ಬರಿಗೆ ತಿಳಿಸಲಾಗದವರು ಗಣಿತ ಕಲಿತೂ ಫಲವಿಲ್ಲವೆಂದು ಅವರು ಸಮಾಧಾನ ಹೇಳುತ್ತಿದ್ದರು. ಮುಂದೆ ಅವರು ಮಾಡಿದ ಕೆಲಸವೆಲ್ಲಕ್ಕೂ ಬೀಜ ಇಲ್ಲಿದೆಯೆಂದು ನನ್ನ ಅಭಿಪ್ರಾಯ.

ಎರಡನೆಯ ಮಹಾಯುದ್ಧ ಬಂದಾಗ ಹಾಪರ್‌ರವರು ನೌಕಾಪಡೆಗೆ ಸೇರಬಯಸಿದರು. ವಯಸ್ಸು ಹೆಚ್ಚು, ತೂಕವೋ ಇರಬೇಕಾದುದಕ್ಕಿಂತ 15 ಪೌಂಡು ಕಡಮೆ. ವಿಶೇಷ ಅನುಮತಿ ಪಡೆದು 1943ರ ಡಿಸೆಂಬರಿನಲ್ಲಿ ಮೀಸಲು ನೌಕಾಪಡೆಯನ್ನು ಸೇರಿ, ತರಬೇತಿಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿದರು. ಹಡಗನ್ನು ಕಾಣುವ ಬದಲು ಅವರು ಕಂಡದ್ದು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಒಂದು ಕೊಠಡಿಯನ್ನು. ಅಲ್ಲಿ ಹೊವರ್ಡ್ ಐಕೆನ್‌ರ ಮೇಲ್ವಿಚಾರಣೆಯಲ್ಲಿ ಮಾರ್ಕ್ 1 ಎಂಬ ಗಣಕಯಂತ್ರವಿದ್ದಿತು. ಉದ್ದ 51 ಅಡಿ, ಎತ್ತರ 8 ಅಡಿ, ತೂಕ ಸುಮಾರು 5 ಟನ್. ಇಷ್ಟು ದೊಡ್ಡ ದೇಹವಿದ್ದರೂ ಒಂದು ಸೆಕೆಂಡಿಗೆ ಮೂರು ಕೂಡುವ ಲೆಕ್ಕ ಮಾಡುವಷ್ಟೇ ಅದರ ಶಕ್ತಿ. ಆ ಕಾಲಕ್ಕೆ ಅದೇ ಅದ್ಭುತ. 1944ರ ಜುಲೈಯಲ್ಲಿ ಅಲ್ಲಿಗೆ ಬಂದ ಹಾಪರ್‌ರವರಿಗೆ ಯಂತ್ರವನ್ನು ನಡೆಸುವುದರ ಜೊತೆಗೆ ಅದರ ಕೈಪಿಡಿಯನ್ನು ಬರೆಯುವ ಕೆಲಸವೂ ಬಿತ್ತು. ದಿನದಿನವೂ ಬರೆದ ಪುಟಗಳನ್ನು ಐಕೆನ್‌ರಿಗೆ ಓದಿ ಹೇಳಬೇಕಾಗಿತ್ತು. 500ಕ್ಕೂ ಹೆಚ್ಚು ಪುಟಗಳ ಆ ಗ್ರಂಥ 1946ರಲ್ಲಿ ಪ್ರಕಟವಾಯಿತು.

ಇನ್ನು ಆ ಪತಂಗದ ವಿಷಯ. 1947ರ ಸೆಪ್ಟೆಂಬರ್ 9ರಂದು, ಅದೇ ತಂಡ ನಿರ್ಮಿಸಿದ ಮಾರ್ಕ್ 2 ಯಂತ್ರವು ಕೆಟ್ಟು ನಿಂತಿತು. ಹುಡುಕಿದಾಗ 70ನೆಯ ರಿಲೇಯಲ್ಲಿ ಪತಂಗವೊಂದು ಸಿಕ್ಕಿಕೊಂಡಿದ್ದಿತು. ಯಂತ್ರ ನಡೆಸುತ್ತಿದ್ದವರು ಅದನ್ನು ತೆಗೆದು ದಿನಚರಿ ಪುಸ್ತಕದ ಪುಟಕ್ಕೆ ಅಂಟಿಸಿ, ನಿಜವಾದ ಬಗ್ ದೊರೆತದ್ದು ಇದೇ ಮೊದಲೆಂದು ತಮಾಷೆಯಾಗಿ ಬರೆದಿಟ್ಟರು. ಹುಳುವನ್ನು ಕಂಡುಹಿಡಿದವರು ಹಾಪರ್ ಅಲ್ಲ. ಕಥೆಯನ್ನು ಊರೂರಿಗೆ ಹೇಳಿ ಪ್ರಸಿದ್ಧಿ ಮಾಡಿದವರು ಅವರು. ಬಗ್ ಎಂಬ ಮಾತಾದರೂ ಎಡಿಸನ್ನನ ಕಾಲದಿಂದ ಎಂಜಿನಿಯರುಗಳ ಬಾಯಲ್ಲಿ ಇದ್ದದ್ದೇ. ಇಲ್ಲದಿದ್ದರೆ ಆ ತಮಾಷೆಗೆ ಅರ್ಥವೇ ಇರುತ್ತಿರಲಿಲ್ಲ. ಆ ಪುಟ ಈಗ ಸ್ಮಿತ್‌ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿ ಪತಂಗಸಹಿತವಾಗಿ ಇದೆ. ನನ್ನ ಕಣ್ಣಿಗೆ ಅದರಲ್ಲಿ ಮುಖ್ಯವಾದದ್ದು ಹುಳುವಲ್ಲ, ಬರೆದಿಟ್ಟ ರೀತಿ. ಯಾವ ದಿನ, ಯಾವ ಗಂಟೆ, ಯಾವ ಫಲಕದ ಎಷ್ಟನೆಯ ರಿಲೇ, ಸಿಕ್ಕಿದ ಸಾಕ್ಷಿ ಯಾವುದು ಎಂಬುದೆಲ್ಲ ಒಂದೇ ನೋಟಕ್ಕೆ ತಿಳಿಯುತ್ತದೆ. ದೋಷವನ್ನು ವರದಿ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ಬೇಕೆ?

1949ರಲ್ಲಿ ಹಾಪರ್‌ರವರು ಹಾರ್ವರ್ಡನ್ನು ಬಿಟ್ಟು, ಫಿಲಡೆಲ್ಫಿಯಾದಲ್ಲಿ ಯೂನಿವ್ಯಾಕ್ ಯಂತ್ರವನ್ನು ನಿರ್ಮಿಸುತ್ತಿದ್ದ ಎಕರ್ಟ್ ಮತ್ತು ಮಾಕ್ಲಿಯವರ ಕಂಪನಿಗೆ ಸೇರಿದರು. ಮರುವರ್ಷ ಆ ಕಂಪನಿ ರೆಮಿಂಗ್ಟನ್ ರಾಂಡ್ ಸಂಸ್ಥೆಯ ಪಾಲಾಯಿತು. 1952ರಲ್ಲಿ ಹಾಪರ್‌ರವರು ಎ-0 ಎಂಬ ಕಂಪೈಲರನ್ನು ಸಿದ್ಧಪಡಿಸಿದರು. ಮನುಷ್ಯನು ಬರೆದ ಸೂಚನೆಗಳನ್ನು ಯಂತ್ರದ ಅಂಕಿಗಳಿಗೆ ತಿರುಗಿಸಿಕೊಡುವ ಪ್ರೋಗ್ರಾಮಿಗೆ ಕಂಪೈಲರ್ ಎಂದು ಹೆಸರು. ಎ-0 ಇದರ ತೀರ ಮೊದಲ ರೂಪ. ಯಂತ್ರಕ್ಕೆ ಲೆಕ್ಕ ಬರುತ್ತದೆಯೇ ವಿನಾ ಪ್ರೋಗ್ರಾಂ ಬರೆಯಲು ಬಾರದೆಂದು ಹೇಳಿ ಜನ ಅದರ ಗೊಡವೆಗೆ ಹೋಗಲಿಲ್ಲವಂತೆ.

ಆಮೇಲೆ ನಡೆದ ಒಂದು ಪ್ರಸಂಗವನ್ನು ಅವರೇ ಎಷ್ಟೋ ಸಭೆಗಳಲ್ಲಿ ಹೇಳಿಕೊಂಡು ನಗಿಸಿದ್ದಾರೆ. ವ್ಯಾಪಾರದ ಲೆಕ್ಕಪತ್ರಗಳನ್ನು ಇಡುವವರು ಗಣಿತದ ಚಿಹ್ನೆಗಳನ್ನು ಕಂಡರೆ ಹೆದರುತ್ತಾರೆ, ಅಂಥವರಿಗೆ ಬರಿಯ ಇಂಗ್ಲಿಷ್ ಮಾತುಗಳಲ್ಲಿ ಪ್ರೋಗ್ರಾಂ ಬರೆಯುವಂತೆ ಅನುಕೂಲ ಮಾಡಬೇಕೆಂದು 1955ರ ಸುಮಾರಿಗೆ ಅವರು ಮೇಲಧಿಕಾರಿಗಳ ಮುಂದೆ ಸೂಚನೆಯಿಟ್ಟರು. ಮಾತಿನಲ್ಲಿ ಹೇಳಿದರೆ ನಂಬುವುದಿಲ್ಲವೆಂದು ಸಣ್ಣದೊಂದು ಕಂಪೈಲರನ್ನು ನಡೆಸಿಯೇ ತೋರಿಸಿದರು. ಯಂತ್ರಕ್ಕೆ ಯಾವ ಭಾಷೆಯಾದರೂ ಒಂದೇ ಎಂದು ಸ್ಪಷ್ಟಪಡಿಸಲು ಅದೇ ಪ್ರೋಗ್ರಾಮನ್ನು ಫ್ರೆಂಚ್ ಪದಗಳಲ್ಲಿಯೂ, ಬಳಿಕ ಜರ್ಮನ್ ಪದಗಳಲ್ಲಿಯೂ ನಡೆಸಿದರು. ಅಲ್ಲಿಗೆ ಕೆಲಸ ಕೆಟ್ಟಿತು. ಅಮೆರಿಕದಲ್ಲಿ ಹುಟ್ಟಿದ ಯಂತ್ರಕ್ಕೆ ಫ್ರೆಂಚ್, ಜರ್ಮನ್ ತಿಳಿಯುವುದು ಎಂದಿಗೂ ಸಾಧ್ಯವಿಲ್ಲವೆಂದು ಆ ದೊಡ್ಡ ಮನುಷ್ಯರು ತೀರ್ಮಾನಿಸಿಬಿಟ್ಟರು! ಇಂಗ್ಲಿಷ್ ಒಂದೇ ಎಂದು ಭರವಸೆ ಕೊಟ್ಟು ಅವರನ್ನು ಮತ್ತೆ ಒಲಿಸಿಕೊಳ್ಳಲು ಹಾಪರ್‌ರವರು ತಿಂಗಳುಗಟ್ಟಲೆ ಹೆಣಗಬೇಕಾಯಿತು. ಅಂದು ಕನ್ನಡದ ಪದಗಳನ್ನು ಇಟ್ಟಿದ್ದರೂ ಆ ಯಂತ್ರ ನಡೆಯುತ್ತಿತ್ತಲ್ಲವೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅದು ಹಾಗಿರಲಿ. ಪ್ರಯೋಗದಲ್ಲಿ ಯಾವ ತಪ್ಪೂ ಇರಲಿಲ್ಲ. ಎಂಜಿನಿಯರನಿಗೆ ತೋರಿಸಬೇಕಾದ ಸಾಕ್ಷ್ಯವನ್ನು ಹಣ ಕೊಡುವವನಿಗೆ ತೋರಿಸಿದ್ದು ಮುಳುವಾಯಿತು.

ಈ ಪ್ರಯತ್ನದಿಂದ ಹುಟ್ಟಿದ ಫ್ಲೋ-ಮ್ಯಾಟಿಕ್ ಭಾಷೆಯೇ ಮುಂದೆ ಕೋಬಾಲ್ ಭಾಷೆಗೆ ಮುಖ್ಯ ಆಧಾರವಾಯಿತು. 1959ರ ಮೇ ತಿಂಗಳಲ್ಲಿ ಅಮೆರಿಕದ ರಕ್ಷಣಾ ಇಲಾಖೆಯಲ್ಲಿ ಯಂತ್ರ ತಯಾರಕರೂ ಬಳಸುವವರೂ ಸಭೆ ಸೇರಿ, ಎಲ್ಲ ಯಂತ್ರಗಳಿಗೂ ಸಲ್ಲುವ ಒಂದು ವ್ಯಾಪಾರ ಭಾಷೆಯನ್ನು ರಚಿಸಬೇಕೆಂದು ನಿಶ್ಚಯಿಸಿದರು. 1960ರ ಡಿಸೆಂಬರಿನಲ್ಲಿ ಕೋಬಾಲ್‌ನ ಒಂದೇ ಪ್ರೋಗ್ರಾಮನ್ನು ಬೇರೆ ಬೇರೆ ಕಂಪನಿಗಳ ಎರಡು ಯಂತ್ರಗಳ ಮೇಲೆ ನಡೆಸಿ ತೋರಿಸಿದ್ದೂ ಆಯಿತು.

ಒಂದು ಪ್ರೋಗ್ರಾಂ ಎರಡು ಯಂತ್ರಗಳಲ್ಲಿ ನಡೆದರೆ ಎಲ್ಲ ಯಂತ್ರಗಳಲ್ಲಿಯೂ ಎಲ್ಲ ಪ್ರೋಗ್ರಾಂಗಳೂ ನಡೆದಂತಾಗುವುದೆ? ಆಗಲಿಲ್ಲ. ಪ್ರತಿಯೊಬ್ಬ ತಯಾರಕನೂ ತನ್ನ ಕಂಪೈಲರ್ ಕೋಬಾಲನ್ನು ಬಲ್ಲುದೆಂದು ಜಾಹೀರುಮಾಡಿದನು. ಒಳಗೆ ನೋಡಿದರೆ ಒಬ್ಬನದು ಒಂದು ಬಗೆ, ಇನ್ನೊಬ್ಬನದು ಇನ್ನೊಂದು ಬಗೆ. ಕೆಲವು ಅಂಶಗಳನ್ನು ಬಿಟ್ಟವರುಂಟು, ಇಲ್ಲದ್ದನ್ನು ಸೇರಿಸಿದವರುಂಟು. ನೌಕಾಪಡೆಯಲ್ಲಿ ಹಲವು ಕಂಪನಿಗಳ ಯಂತ್ರಗಳಿದ್ದುವು. ಒಂದರಲ್ಲಿ ನಡೆಯುತ್ತಿದ್ದ ಸಂಬಳದ ಲೆಕ್ಕವನ್ನೋ ಉಗ್ರಾಣದ ಲೆಕ್ಕವನ್ನೋ ಇನ್ನೊಂದಕ್ಕೆ ಒಯ್ದರೆ ಮತ್ತೆ ತಿದ್ದಿ ಬರೆಯಬೇಕು. ಹಣವೂ ಹೋಯಿತು, ಕಾಲವೂ ಹೋಯಿತು; ಬೇರೆಯವನ ಯಂತ್ರ ಕೊಳ್ಳುವ ಧೈರ್ಯವೂ ಉಳಿಯದು.

1966ರ ಕೊನೆಯಲ್ಲಿ ಹಾಪರ್‌ರವರನ್ನು ಮೀಸಲು ಪಡೆಯಿಂದ ನಿವೃತ್ತಿಗೊಳಿಸಿದ್ದ ನೌಕಾಪಡೆ, 1967ರ ಆಗಸ್ಟಿನಲ್ಲಿ ಈ ಗೊಂದಲವನ್ನು ಬಿಡಿಸಿಕೊಡಬೇಕೆಂದು ಅವರನ್ನೇ ಮರಳಿ ಕರೆಯಿತು. ಕರೆದದ್ದು ಆರು ತಿಂಗಳ ಮಟ್ಟಿಗೆ. ಅವರು ಉಳಿದದ್ದು 19 ವರ್ಷ! ಆಗ ಅವರ ವಯಸ್ಸು 60.

ಅವರೂ ಅವರ ಸಹಾಯಕರೂ ಹಿಡಿದ ಮಾರ್ಗ ಸರಳವಾದುದು. 1968ರಲ್ಲಿ ಕೋಬಾಲ್‌ಗೆ ರಾಷ್ಟ್ರೀಯ ಮಾನಕವೊಂದು ಸಿದ್ಧವಾಯಿತು. ಅದರ ಒಂದೊಂದು ಅಂಶಕ್ಕೂ, ಎಂದರೆ ಅಂಕಿಗಳನ್ನು ಕೂಡುವುದು, ಪದವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು, ಕಡತವನ್ನು ಓದುವುದು ಮೊದಲಾದವಕ್ಕೆ, ಸಣ್ಣ ಸಣ್ಣ ಪರೀಕ್ಷಾ ಪ್ರೋಗ್ರಾಂಗಳನ್ನು ಕೋಬಾಲ್‌ನಲ್ಲಿಯೇ ಬರೆಯುವುದು. ಸರಿಯುತ್ತರ ಮೊದಲೇ ಗೊತ್ತಿರುತ್ತದೆ. ಇವನ್ನು ತಯಾರಕನ ಕಂಪೈಲರಿಗೆ ಕೊಟ್ಟು ನಡೆಸಿದರೆ, ಬಂದ ಉತ್ತರವನ್ನು ಸರಿಯುತ್ತರದೊಡನೆ ಹೋಲಿಸಿ, ಪಾಸು ಅಥವಾ ಫೇಲು ಎಂದು ಪ್ರೋಗ್ರಾಂ ತಾನೇ ಅಚ್ಚುಮಾಡುತ್ತದೆ. ಪರೀಕ್ಷಕನ ದಾಕ್ಷಿಣ್ಯಕ್ಕಾಗಲಿ ಮಾರುವವನ ವಾಗ್ವೈಖರಿಗಾಗಲಿ ಅಲ್ಲಿ ಎಡೆಯಿಲ್ಲ. ಎಲ್ಲರಿಗೂ ಒಂದೇ ಪ್ರಶ್ನಪತ್ರಿಕೆ. ಮುಂದೆ ಈ ಪ್ರೋಗ್ರಾಂಗಳ ಪ್ರತಿ ತಯಾರಕರಿಗೂ ದೊರೆಯುವಂತಾಯಿತು. ಪ್ರಶ್ನಪತ್ರಿಕೆ ಬಹಿರಂಗವಾದರೆ ಕೆಡುಕಾಗುವ ಪರೀಕ್ಷೆ ಇದಲ್ಲ. ತನ್ನ ದೋಷವನ್ನು ಮನೆಯಲ್ಲಿಯೇ ತಿದ್ದಿಕೊಂಡು ಬಂದವನಿಂದ ಎಲ್ಲರಿಗೂ ಲಾಭವೇ.

ಫಲಿತಾಂಶ ಒಂದೇ ಆದರೂ ಅದನ್ನು ಕೇಳುವವರು ಹಲವರು. ನನ್ನ ಗೆಳೆಯನೊಬ್ಬ ಬೆಂಗಳೂರಿನಲ್ಲಿ ವೆಬ್ ಸಾಧನಗಳನ್ನು ಪರೀಕ್ಷಿಸುವ ಉದ್ಯೋಗದಲ್ಲಿದ್ದಾನೆ. ಒಂದೇ ದೋಷವನ್ನು ಮೂರು ಸಲ ಬರೆಯುವುದೇ ತನ್ನ ಕೆಲಸದ ಕಷ್ಟವೆಂದು ಅವನು ಹೇಳುತ್ತಾನೆ. ಪ್ರೋಗ್ರಾಂ ಬರೆದವನಿಗೆ ಯಾವ ಗುಂಡಿ ಒತ್ತಿದಾಗ ಏನಾಯಿತೆಂಬ ಕ್ರಮ ಬೇಕು. ಮ್ಯಾನೇಜರಿಗೆ ಎಷ್ಟು ದಿನ ತಡವಾಗುವುದೆಂಬುದು ಬೇಕು. ಗಿರಾಕಿಗೆ ತನ್ನ ಕೆಲಸ ನಿಲ್ಲುತ್ತದೆಯೇ ಇಲ್ಲವೇ ಎಂಬುದಷ್ಟೇ ಬೇಕು. ಹಾಪರ್‌ರವರು ಈ ಕಷ್ಟವನ್ನು ಒಂದು ತುಂಡು ತಂತಿಯಿಂದ ಬಿಡಿಸಿಕೊಂಡರು. ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿಗೆ ನ್ಯಾನೊಸೆಕೆಂಡ್ ಎಂದು ಹೆಸರು. ಅಷ್ಟು ಹೊತ್ತಿನಲ್ಲಿ ವಿದ್ಯುತ್ ಸಂಕೇತ ಹೆಚ್ಚೆಂದರೆ 11.8 ಅಂಗುಲ ದೂರ ಹೋಗಬಲ್ಲುದು. ಆ ಉದ್ದಕ್ಕೆ ತಂತಿಯನ್ನು ಕತ್ತರಿಸಿ ಸಭೆಗಳಲ್ಲಿ ಹಂಚುತ್ತಿದ್ದರು. ಉಪಗ್ರಹದ ಮೂಲಕ ಬರುವ ಸಂದೇಶ ಏಕಿಷ್ಟು ತಡವೆಂದು ಸಿಟ್ಟಾಗುವ ಅಡ್ಮಿರಲ್ಲನಿಗೆ, ಹಡಗಿಗೂ ಉಪಗ್ರಹಕ್ಕೂ ನಡುವೆ ಇಂಥ ತುಂಡುಗಳು ಬಹಳ ಇವೆಯೆಂದು ಅದನ್ನೇ ತೋರಿಸುತ್ತಿದ್ದರು. ಪ್ರೋಗ್ರಾಂ ಬರೆಯುವ ತರುಣರಿಗೆ ಮೈಕ್ರೊಸೆಕೆಂಡಿನ ತಂತಿ, 984 ಅಡಿ ಉದ್ದದ ಸುರುಳಿಯನ್ನು ಎತ್ತಿ ತೋರಿಸಿ, ಕಾಲವನ್ನು ಪೋಲುಮಾಡಿದಾಗ ಎಸೆಯುವುದು ಇಷ್ಟೆಂದು ತಿಳಿಸುತ್ತಿದ್ದರು. ಸತ್ಯ ಒಂದೇ, ಅಡ್ಮಿರಲ್ಲನಿಗೆ ಸಮಾಧಾನ, ತರುಣನಿಗೆ ಚಾಟಿ.

ಹೊಗಳಿಕೆಯ ನಡುವೆ ಒಂದು ಮಾತನ್ನು ಹೇಳದಿದ್ದರೆ ಪಕ್ಷಪಾತವಾದೀತು. ಇಂಥ ಪರೀಕ್ಷೆ ಮಾನಕಕ್ಕೆ ಸರಿಯಾಗಿ ಇದೆಯೇ ಎಂಬುದನ್ನು ತಿಳಿಸುತ್ತದೆ. ಮಾನಕವೇ ಸರಿಯಾಗಿದೆಯೇ ಎಂಬುದನ್ನು ಅಲ್ಲ. ಕೋಬಾಲ್‌ನ 1974ರ ಮಾನಕದಲ್ಲಿ ಯಂತ್ರದಿಂದ ದಿನಾಂಕವನ್ನು ಕೇಳಿದರೆ ವರ್ಷದ ಕೊನೆಯ ಎರಡು ಅಂಕಿಗಳಷ್ಟೇ ಬರುತ್ತಿದ್ದುವು. ಪಾಸಾದ ಕಂಪೈಲರುಗಳೆಲ್ಲ ಹಾಗೆಯೇ ಕೊಟ್ಟುವು. ವರ್ಷವನ್ನು ಎರಡಂಕಿಯಲ್ಲಿ ಬರೆಯುವ ಈ ಚಾಳಿಯಿಂದ 2000ನೆಯ ಇಸವಿ ಬರುವ ಮುನ್ನ ಲೋಕವೆಲ್ಲ ಹಳೆಯ ಪ್ರೋಗ್ರಾಂಗಳನ್ನು ತಿದ್ದುತ್ತ ಕೂರಬೇಕಾಯಿತು. ಕೋಬಾಲ್ ವಿದ್ಯಾರ್ಥಿಗಳ ಬುದ್ಧಿಯನ್ನೇ ಕೆಡಿಸುತ್ತದೆಂದು 1975ರಲ್ಲಿ ಖಂಡಿಸಿದ ಡೈಕ್‌ಸ್ಟ್ರರಂಥ ವಿದ್ವಾಂಸರೂ ಉಂಟು.

ಪದವಿಗಳು ತಡವಾಗಿ ಬಂದುವು. 1969ರಲ್ಲಿ ಗಣಕಶಾಸ್ತ್ರದ ವರ್ಷದ ಪುರುಷ ಎಂಬ ಪ್ರಶಸ್ತಿ ಮೊಟ್ಟಮೊದಲಿಗೆ ಈ ಸ್ತ್ರೀಗೆ ದೊರೆಯಿತೆಂಬುದನ್ನು ಓದಿ ನಾನು ನಕ್ಕುಬಿಟ್ಟೆ. 1973ರಲ್ಲಿ ಕ್ಯಾಪ್ಟನ್, 1983ರಲ್ಲಿ ಕಮೊಡೋರ್ ಆದರು. 1985ರಲ್ಲಿ ಆ ಹುದ್ದೆಗೆ ರಿಯರ್ ಅಡ್ಮಿರಲ್ ಎಂದು ಹೆಸರಾಯಿತು. ಮೊದಲಿನಿಂದ ಹೀಗೆಯೇ ಮಾಡುತ್ತ ಬಂದಿದ್ದೇವೆಂಬ ಉತ್ತರವನ್ನು ಅವರು ಸಹಿಸುತ್ತಿರಲಿಲ್ಲ. ಅದಕ್ಕಾಗಿಯೇ ಕಚೇರಿಯ ಗೋಡೆಗೆ ಹಿಂದುಹಿಂದಕ್ಕೆ ಸುತ್ತುವ ಗಡಿಯಾರವೊಂದನ್ನು ತೂಗುಹಾಕಿದ್ದರು. ಬಂದವರು ಒಂದೆರಡು ದಿನ ತಡವರಿಸಿ ಆಮೇಲೆ ಅದರಲ್ಲಿಯೇ ಗಂಟೆ ನೋಡುತ್ತಿದ್ದರಂತೆ. ಏಳು ಗಡಿಯಾರ ಬಿಚ್ಚಿದವರಲ್ಲವೇ!

1986ರ ಆಗಸ್ಟ್ 14ರಂದು ಬಾಸ್ಟನ್ನಿನಲ್ಲಿ, ಕಾನ್‌ಸ್ಟಿಟ್ಯೂಷನ್ ಎಂಬ ಪ್ರಾಚೀನ ಯುದ್ಧನೌಕೆಯ ಮೇಲೆ ಅವರಿಗೆ ಬೀಳ್ಕೊಡುಗೆಯಾಯಿತು. ಆಗ 79 ವರ್ಷ. ಮನೆಯಲ್ಲಿ ಕೂರದೆ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಗೆ ಸಲಹೆಗಾರರಾಗಿ ಸೇರಿ ಊರೂರು ತಿರುಗಿ ಉಪನ್ಯಾಸ ಕೊಟ್ಟರು. 1992ರ ಜನವರಿ 1ರಂದು ತೀರಿಕೊಂಡರು. ಆರ್ಲಿಂಗ್ಟನ್ನಿನ ಸೈನಿಕ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಅವರ ಹೆಸರಿನ ಯುದ್ಧನೌಕೆಯೊಂದು 1997ರಲ್ಲಿ ಸೇವೆಗೆ ಸೇರಿತು. ಅವರ ತಂಡದಿಂದ ಮೊದಲಾದ ಪರೀಕ್ಷೆಗಳ ಹೊಣೆ ಮುಂದೆ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಗೆ ಹೋಯಿತು. ಆ ಸಂಸ್ಥೆ 1985ರ ಕೋಬಾಲ್ ಮಾನಕಕ್ಕಾಗಿ ಇಟ್ಟ ಪರೀಕ್ಷಾ ಪ್ರೋಗ್ರಾಂಗಳಿಂದಲೇ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಗ್ನೂಕೋಬಾಲ್ ಕಂಪೈಲರನ್ನು ಈಗಲೂ ಪರೀಕ್ಷಿಸುತ್ತಾರೆ.