ಕೆಂಪುಕಲ್ಲಿನ ಶಿಲ್ಪಿ

ನಮ್ಮ ಮಾಕುಟ್ಟವು ವಿರಾಜಪೇಟೆಯಿಂದ ಕೇರಳದ ಕಡೆಗೆ ಇಳಿಯುವ ಘಟ್ಟದ ರಸ್ತೆಯ ಬದಿಯ ಚಿಕ್ಕ ಊರು. ತಲೆಯ ಮೇಲೆ ಚಾಪೆಯ ಸುರುಳಿ, ಕಂಕುಳಲ್ಲಿ ಕೂಸು, ಹಿಂದೆ ಒಂದು ನಾಯಿ. ಹೀಗೆ ತೋಟದ ಕೆಲಸವನ್ನರಸಿ ಹೋಗುವ ಸಂಸಾರಗಳನ್ನು ನಾನು ಬಾಲ್ಯದಿಂದಲೂ ಕಂಡವನು. ಆದರೆ ಅವರನ್ನು ನಿಂತು ನೋಡಿದವನಲ್ಲ. ನೋಡುವುದನ್ನು ನನಗೆ ಕಲಿಸಿದವರು ಬಂಗಾಳದ ಶಿಲ್ಪಿ ರಾಮಕಿಂಕರ್ ಬೈಜ್ ಅವರು.

ಕಳೆದ ರಜೆಯಲ್ಲಿ ಬಂಧುಗಳೊಡನೆ ಶಾಂತಿನಿಕೇತನಕ್ಕೆ ಹೋಗಿದ್ದೆ. ಕಲೆಯನ್ನು ನೋಡಬೇಕಾದರೆ ಯಾವುದಾದರೂ ಕಟ್ಟಡದ ಒಳಹೋಗಬೇಕೆಂದೇ ನನ್ನ ಎಣಿಕೆ. ವಿಶ್ವಭಾರತಿಯ ಆವರಣದಲ್ಲಿ ಅಡ್ಡಾಡುತ್ತಿದ್ದಾಗ, ಎತ್ತರದ ಮರಗಳ ನಡುವೆ ಮರದ ಕಾಂಡವೆಂದು ನಾನು ಭಾವಿಸಿದ್ದು ಹತ್ತಿರ ಹೋದಾಗ ಹೆಣ್ಣಿನ ಮೂರ್ತಿಯಾಗಿತ್ತು! ಅದು ಬುದ್ಧನಿಗೆ ಪಾಯಸವನ್ನಿತ್ತ ಸುಜಾತೆ. ರಾಮಕಿಂಕರರು 1935ರಲ್ಲಿ ರಚಿಸಿದುದು.

ಮುಂದೆ ಇನ್ನೊಂದೆಡೆ ‘ಸಂತಾಲ ಕುಟುಂಬ’ವನ್ನು ಕಂಡು ನಿಂತುಬಿಟ್ಟೆ. ಗಂಡನ ಹೆಗಲ ಅಡ್ಡೆಯ ಬುಟ್ಟಿಯಲ್ಲಿ ಮಗು, ಹೆಂಡತಿಯ ತಲೆಯ ಮೇಲೆ ಹೊರೆ, ಜೊತೆಗೆ ನಾಯಿ. ನಮ್ಮೂರಿನ ರಸ್ತೆಯೇ ಅಲ್ಲಿಗೆ ಬಂದಂತಾಯಿತು.

ರಾಮಕಿಂಕರರು 1906ರಲ್ಲಿ ಬಂಗಾಳದ ಬಾಂಕುಡಾದಲ್ಲಿ ಬಡ ಕ್ಷೌರಿಕ ಮನೆತನದಲ್ಲಿ ಹುಟ್ಟಿದರು. ಅಸಹಕಾರ ಚಳವಳಿಯ ಕಾಲದಲ್ಲಿ ದೇಶಭಕ್ತರ ಚಿತ್ರಗಳನ್ನು ಬರೆಯುತ್ತಿದ್ದ ಈ ಹುಡುಗನ ಕೈಚಳಕವನ್ನು ಪತ್ರಿಕಾ ಸಂಪಾದಕರಾದ ರಾಮಾನಂದ ಚಟರ್ಜಿಯವರು ಗುರುತಿಸಿದರು. ಅವರ ನೆರವಿನಿಂದ 1925ರಲ್ಲಿ ಆತ ಶಾಂತಿನಿಕೇತನವನ್ನು ಸೇರಿದ. ಅಲ್ಲಿ ದೊರೆತ ಗುರು ನಂದಲಾಲ್ ಬೋಸರು. ನಮ್ಮ ಮೈಸೂರಿನ ಕೆ. ವೆಂಕಟಪ್ಪನವರಂತೆಯೇ ಅವನೀಂದ್ರನಾಥ ಠಾಕೂರರ ಶಿಷ್ಯರು.

ಕಲಿತ ಕಲಾಭವನದಲ್ಲಿಯೇ ರಾಮಕಿಂಕರರು ಅಧ್ಯಾಪಕರಾದರು. ಕಂಚಿಗಾಗಲಿ ಅಮೃತಶಿಲೆಗಾಗಲಿ ಹಣವೆಲ್ಲಿಯದು? ಅವರು ಕೊರಗುತ್ತ ಕೂರಲಿಲ್ಲ. ಕಬ್ಬಿಣದ ಸರಳುಗಳ ಹಂದರವನ್ನು ಕಟ್ಟಿ, ಸಿಮೆಂಟಿನೊಡನೆ ಆ ನೆಲದ ಕೆಂಪು ಜಂಬಿಟ್ಟಿಗೆಯ ಹರಳುಗಳನ್ನು ಬೆರೆಸಿ, ಅದರ ಮೇಲೆ ಎರಚಿ ಮೂರ್ತಿಯನ್ನು ಬೆಳೆಸಿದರು. ಹೀಗೆ 1938ರಲ್ಲಿ ‘ಸಂತಾಲ ಕುಟುಂಬ’ವೂ, 1956ರಲ್ಲಿ ಗಿರಣಿಯ ಕೂಗಿಗೆ ಓಡುವ ಹೆಂಗಸರ ಮೂರ್ತಿಯೂ ಎದ್ದುನಿಂತವು. ನಮ್ಮ ಊರುಗಳ ವೃತ್ತಗಳಲ್ಲಿ ಅರಸರೂ ನಾಯಕರೂ ನಿಲ್ಲುತ್ತಾರೆ. ಆ ಗೌರವದ ಎತ್ತರವನ್ನು ಅವರು ಕೂಲಿಯವರಿಗೆ ಕೊಟ್ಟರು.

ದಿಲ್ಲಿಯ ರಿಸರ್ವ್ ಬ್ಯಾಂಕಿನ ಬಾಗಿಲಲ್ಲಿರುವ ಯಕ್ಷ ಯಕ್ಷಿಯರೂ ಅವರ ಕೃತಿಗಳೇ. 1970ರಲ್ಲಿ ಪದ್ಮಭೂಷಣ ಬಂದಿತು. 1980ರ ಆಗಸ್ಟ್ 2ರಂದು ಕಲ್ಕತ್ತೆಯಲ್ಲಿ ಅವರು ತೀರಿಕೊಂಡರು.

ಊರಿಗೆ ಹಿಂದಿರುಗಿದ ದಿನ ನಮ್ಮ ರಸ್ತೆಯಲ್ಲಿ ಅಂಥದೇ ಒಂದು ಸಂಸಾರ ಮಳೆಗೆ ಹೆದರಿ ಮರದಡಿ ನಿಂತಿತ್ತು. ವರ್ಷ ವರ್ಷವೂ ನಮ್ಮ ಮನೆಯ ಮುಂದೆಯೇ ಹಾದುಹೋಗುತ್ತಿದ್ದವರು. ಅವರ ಹೆಸರನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಅಂದು ನಾಚಿಕೆಪಡುತ್ತಲೇ ಕೇಳಿದೆ. ಗೆಳೆಯರೇ, ನಮ್ಮ ಕಾಲೇಜಿನ ಆವರಣದಲ್ಲಿ ರಾಮಕಿಂಕರರ ಮೂರ್ತಿಗಳಿಲ್ಲ. ಅವರು ಕಂಡ ಜನರು ಮಾತ್ರ ನಮ್ಮ ಗೇಟಿನ ಮುಂದೆ ದಿನವೂ ನಡೆದುಹೋಗುತ್ತಾರೆ.