ಕೆಲಸ ಹೋದ ಕ್ಯಾಪ್ಟನ್‌ನ ಮುರುಕು ದೋಣಿ

ನಮ್ಮ ಹಾಸನ ಜಿಲ್ಲೆಗೆ ಕಡಲಿಲ್ಲ. ಹೊಳೆನರಸೀಪುರದ ನನಗೆ ಹೊಳೆಯೆಂದರೆ ಹೇಮಾವತಿ, ಅರಕಲಗೂಡು ತಾಲ್ಲೂಕಿನ ಗೆಳೆಯನಿಗೆ ಕಾವೇರಿ, ಚನ್ನರಾಯಪಟ್ಟಣ ಕಡೆಯವನಿಗೆ ಊರ ಕೆರೆ. ಪದವಿ ಮುಗಿಸಿ ಹಾಸನದಲ್ಲಿ ಪರೀಕ್ಷೆಗಳಿಗೆ ಓದುತ್ತಿರುವ ನಮಗೆ ಕಡಲಿನ ಕತೆ ಏಕೆ ಎನ್ನಬಹುದು. ಆದರೆ ನನಗೆ ಈಚೆಗೆ ತುಂಬಾ ಹತ್ತಿರವೆನಿಸಿದ್ದು ಒಬ್ಬ ನಾವಿಕನ ಬದುಕು. ಆತ ಜೋಶುವಾ ಸ್ಲೋಕಮ್. ಹಾಯಿದೋಣಿಯಲ್ಲಿ ಒಬ್ಬಂಟಿಯಾಗಿ ಜಗತ್ತು ಸುತ್ತಿದ ಮೊದಲಿಗ.

ಸ್ಲೋಕಮ್ ಹುಟ್ಟಿದ್ದು 1844ರಲ್ಲಿ, ಕೆನಡಾದ ನೋವಾ ಸ್ಕೋಷಿಯಾದಲ್ಲಿ. ಅಪ್ಪ ಬೂಟು ಮಾಡುತ್ತಿದ್ದರು. ಹುಡುಗನ ಶಾಲೆ ಬೇಗನೆ ನಿಂತಿತು. 14ನೇ ವಯಸ್ಸಿಗೆ ಮನೆಯಿಂದ ಓಡಿಹೋಗಿ ಮೀನುಗಾರರ ಹಡಗಿನಲ್ಲಿ ಅಡುಗೆಗೆ ಸೇರಿದ. ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿ ದೊಡ್ಡ ಹಾಯಿಹಡಗುಗಳ ಕ್ಯಾಪ್ಟನ್ ಆದ. ಹೆಂಡತಿ ವರ್ಜೀನಿಯಾ ಹಡಗಿನಲ್ಲೇ ಸಂಸಾರ ಮಾಡಿದಳು, 1884ರಲ್ಲಿ ತೀರಿಕೊಂಡಳು. 1887ರ ಕೊನೆಯಲ್ಲಿ ಬ್ರೆಜಿಲ್ ತೀರದಲ್ಲಿ ಆತನ ಸ್ವಂತ ಹಡಗೂ ಒಡೆಯಿತು.

ಅಷ್ಟರಲ್ಲಿ ಉಗಿಹಡಗುಗಳ ಕಾಲ ಬಂದಿತ್ತು. ಹಾಯಿಯ ವಿದ್ಯೆ ಬಲ್ಲವರನ್ನು ಕೇಳುವವರಿಲ್ಲ. 1892ರಲ್ಲಿ, 48ನೇ ವಯಸ್ಸಿಗೆ, ಸ್ಲೋಕಮ್ ನಿರುದ್ಯೋಗಿ. ಆಗ ಪರಿಚಯದ ಹಳೆಯ ಕ್ಯಾಪ್ಟನ್ ಒಬ್ಬರು ಒಂದು ದೋಣಿ ಕೊಡುವುದಾಗಿ ಹೇಳಿದರು. ಹೋಗಿ ನೋಡಿದರೆ ಅದು ಹೊಲದಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಮುರುಕು. ಹೆಸರು 'ಸ್ಪ್ರೇ'. ಸ್ಲೋಕಮ್ ಬೇಸರಪಡದೆ ಕೊಡಲಿ ಹಿಡಿದ. ಹತ್ತಿರದ ಓಕ್ ಮರ ಕಡಿದು ತಳದ ತೊಲೆ ಮಾಡಿದ. ಹಲಗೆಗಳನ್ನೆಲ್ಲ ಬದಲಿಸಿದ. ಮಧ್ಯೆ ಮಧ್ಯೆ ತಿಮಿಂಗಿಲ ಬೇಟೆಯ ಹಡಗುಗಳಲ್ಲಿ ಕೂಲಿ ಮಾಡಿ ಖರ್ಚು ತೂಗಿಸಿದ. ಹಿಡಿದಿದ್ದು 13 ತಿಂಗಳು, ತಗುಲಿದ್ದು 553 ಡಾಲರ್ 62 ಸೆಂಟ್. ದೋಣಿಯ ಉದ್ದ ಸುಮಾರು 37 ಅಡಿ.

1895ರ ಏಪ್ರಿಲ್ 24ರಂದು ಬಾಸ್ಟನ್ ಬಿಟ್ಟ. ಸಮಯ ನೋಡಲು ಒಂದು ಡಾಲರಿಗೆ ಕೊಂಡ ತಗಡಿನ ಗಡಿಯಾರ. ಮುಖ ಒಡೆದಿದ್ದರಿಂದ ಅಗ್ಗಕ್ಕೆ ಸಿಕ್ಕಿತ್ತು. ಈಜು ಬಾರದು. ಆರಂಭದಲ್ಲಿ ಒಂಟಿತನ ಕಾಡಿದಾಗ ಇಲ್ಲದ ಸಿಬ್ಬಂದಿಗೆ ಗಟ್ಟಿಯಾಗಿ ಅಪ್ಪಣೆ ಕೊಡುತ್ತಿದ್ದನಂತೆ, ಆಮೇಲೆ ಹಾಡತೊಡಗಿದ. ಅಡುಗೆ, ಹಾಯಿ ಹೊಲಿಗೆ, ಪುಸ್ತಕ ಓದು, ಹೀಗೆ ದಿನ ಕಳೆಯುತ್ತಿದ್ದವು. ಹಾರುವ ಮೀನುಗಳು ರಾತ್ರಿ ತಾವಾಗಿಯೇ ದೋಣಿಗೆ ಬಿದ್ದು ಬೆಳಗಿನ ಊಟವಾಗುತ್ತಿದ್ದವು. ಚುಕ್ಕಾಣಿ ಕಟ್ಟಿಬಿಟ್ಟರೆ 'ಸ್ಪ್ರೇ' ತನ್ನ ದಾರಿಯಲ್ಲಿ ತಾನೇ ಸಾಗುತ್ತಿತ್ತು. ಹಿಂದೂ ಮಹಾಸಾಗರದಲ್ಲಿ ಕೊಕೊಸ್ ದ್ವೀಪಗಳತ್ತ 2,700 ಮೈಲಿಯನ್ನು 23 ದಿನದಲ್ಲಿ ದಾಟಿದಾಗ ಆತ ಚುಕ್ಕಾಣಿ ಹಿಡಿದದ್ದು ಮೂರು ಗಂಟೆಯೂ ಇಲ್ಲ. ಮೆಗಲನ್ ಜಲಸಂಧಿಯ ಬಳಿ ರಾತ್ರಿ ದಾಳಿಯ ಭಯವಿದ್ದಾಗ ದೋಣಿಯ ಮೇಲೆಲ್ಲ ಸಣ್ಣ ಮೊಳೆಗಳನ್ನು ಹರಡಿ ಮಲಗಿದ. ಬರಿಗಾಲಲ್ಲಿ ಹತ್ತಿದವರು ಕಿರುಚಿಕೊಂಡು ನೀರಿಗೆ ಹಾರಿದರು.

ನನಗೆ ಬಹಳ ಹಿಡಿಸಿದ್ದು ಪೆಸಿಫಿಕ್ ಸಾಗರದ ಪ್ರಸಂಗ. ಸಮೋವಾ ತಲುಪುವವರೆಗೆ 72 ದಿನ ಎಲ್ಲೂ ನಿಲ್ಲಲಿಲ್ಲ. ನಡುವೆ ಚಂದ್ರನನ್ನು ಅಳೆದು ತನ್ನ ಸ್ಥಾನ ಲೆಕ್ಕ ಹಾಕಿದಾಗ ಉತ್ತರ ನೂರಾರು ಮೈಲಿ ತಪ್ಪಿ ಬಂತು. ಮತ್ತೆ ಅಳೆದ, ಮತ್ತೆ ಲೆಕ್ಕ ಮಾಡಿದ. ಕೊನೆಗೆ ತಿಳಿದದ್ದು, ತಪ್ಪು ತನ್ನದಲ್ಲ, ಮುದ್ರಿತ ಕೋಷ್ಟಕದ್ದು! ಅಚ್ಚಾದದ್ದನ್ನೆಲ್ಲ ಬಾಯಿಪಾಠ ಮಾಡುವ ನಾವು ಇದನ್ನು ನೆನಪಿಡಬೇಕು. ಶಾಲೆ ಅರ್ಧಕ್ಕೇ ಬಿಟ್ಟವನಿಗೆ ಪುಸ್ತಕದ ತಪ್ಪು ಹಿಡಿಯುವಷ್ಟು ವಿಷಯ ಗೊತ್ತಿತ್ತು.

1898ರ ಜೂನ್ 27ರಂದು, 46,000 ಮೈಲಿ ಮುಗಿಸಿ, ಅಮೆರಿಕದ ನ್ಯೂಪೋರ್ಟ್ ಸೇರಿದ. 1900ರಲ್ಲಿ ಬಂದ ಆತನ ಪುಸ್ತಕ ಇಂದಿಗೂ ಓದಿಸಿಕೊಳ್ಳುತ್ತಿದೆ. 1909ರ ನವೆಂಬರ್‌ನಲ್ಲಿ ಅದೇ ದೋಣಿಯಲ್ಲಿ ಹೊರಟವನು ಮರಳಲಿಲ್ಲ. 1924ರಲ್ಲಿ ಕಾನೂನು ಆತನನ್ನು ಮೃತನೆಂದು ಘೋಷಿಸಿತು.

ಸ್ಲೋಕಮ್‌ನನ್ನು ಕಣ್ಣುಮುಚ್ಚಿ ಅನುಸರಿಸಿ ಎಂದು ನಾನು ಹೇಳಲಾರೆ. ಮೂರು ವರ್ಷ ಎರಡನೆಯ ಹೆಂಡತಿ ಹೆಟ್ಟಿ, ಮಕ್ಕಳು ದಡದಲ್ಲಿ ಕಾದರು. ಆ ಕಾಯುವಿಕೆ ಯಾವ ದಾಖಲೆಯಲ್ಲೂ ಎಣಿಕೆಗೆ ಬರುವುದಿಲ್ಲ. ನಮ್ಮ ಓದಿನ ಹಿಂದೆಯೂ ಮನೆಯವರ ಇಂಥ ಕಾಯುವಿಕೆ ಇದೆ. ಆದರೆ ಆ 13 ತಿಂಗಳು ನನಗೆ ಬೇಕು. ಯಾರೂ ಕೆಲಸಕ್ಕೆ ಕರೆಯದಿದ್ದಾಗ ಆತ ಕೈಲಿದ್ದ ವಿದ್ಯೆಯನ್ನು ಬಿಡಲಿಲ್ಲ, ಹೊಟ್ಟೆಪಾಡಿನ ಕೂಲಿಗೆ ನಾಚಲಿಲ್ಲ. ಗೆಳೆಯರೇ, ಅಧಿಸೂಚನೆ ಬರುವವರೆಗಿನ ದಿನಗಳಿಗೂ ಬೆಲೆಯಿದೆ. ದಿನಕ್ಕೊಂದು ಹಲಗೆಯಾದರೂ ಕೂರಿಸೋಣ.